ಇವತ್ತು ಮನೆಯಲ್ಲಿ ಏನಡುಗೆ?

ಪ್ರವಾಸದಲ್ಲೂ ಊರಿನ ತಾಜಾ ತರಕಾರಿಯ ಸರಳ ಮನೆಯೂಟ ಸಿಗಬೇಕೆಂದರೆ ಯಾರನ್ನು, ಯಾವಾಗ, ಏನೆಂದು ಕೇಳಬೇಕು?

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಬನಶಂಕರಿ ಗುಡಿಯ ಮುಂದೆ ಹೊತ್ತು ಏರುತ್ತಿದ್ದಂತೆ ಬುಟ್ಟಿಗಳು ಬಂದು ಕೂರುತ್ತವೆ. ಇಳಕಲ್ ಸೀರೆಯ ಸೆರಗು ತಲೆಮೇಲೆ ಹೊದ್ದ ಹೆಂಗಸರು ಮರದ ನೆರಳು ಹಿಡಿದು ಕುಳಿತು ‘ಬರ್ರೀ ಅಕ್ಕಾರ, ರೊಟ್ಟಿ ಊಟ ಮಾಡ್ರೀ’ ಎಂದು ಕರೆಯುತ್ತಾರೆ. ಬುಟ್ಟಿಗೆ ಮುಚ್ಚಿದ ಬಟ್ಟೆ ಸರಿಸಿದರೆ ಒಂದರ ಮೇಲೊಂದು ಪೇರಿಸಿದ ಜೋಳದ ರೊಟ್ಟಿ. ಪಕ್ಕದ ಡಬ್ಬಿಗಳಲ್ಲಿ ಕಾಳು ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಕೆಂಪು ಮೆಣಸಿನಕಾಯಿ ಚಟ್ನಿ, ಶೇಂಗಾ ಹಿಂಡಿ. ಇನ್ನೊಂದು ಬುಟ್ಟಿಯಲ್ಲಿ ಪುಟ್ಟ ಪುಟ್ಟ ಮಣ್ಣಿನ ಕುಡಿಕೆಗಳು, ಅವುಗಳಲ್ಲಿ ಕೆನೆಗಟ್ಟಿದ ಮೊಸರು. ಎಲ್ಲವೂ ಸುತ್ತಲಿನ ಹಳ್ಳಿಯ ಮನೆಗಳಲ್ಲಿ ಬೆಳಗಿನ ಜಾವ ಬೇಯಿಸಿದ್ದು. ಬುಟ್ಟಿ ಖಾಲಿಯಾದರೆ ಅವತ್ತಿನ ವ್ಯಾಪಾರ ಮುಗಿಯಿತು. ಉಳಿಸಿ ನಾಳೆ ಬಿಸಿ ಮಾಡಿ ಬಡಿಸುವ ಮಾತೇ ಇಲ್ಲ.

ಈ ಊಟ ಅಲ್ಲಿಗೆ ಹೇಳಿ ಮಾಡಿಸಿದಂಥದ್ದು. ಬನಶಂಕರಿಗೆ ಶಾಕಂಭರಿ ಎಂಬ ಹೆಸರೂ ಇದೆ. ಬರಗಾಲದಲ್ಲಿ ಸೊಪ್ಪು ತರಕಾರಿ ಕೊಟ್ಟು ಜನರನ್ನು ಕಾಪಾಡಿದವಳು ಎಂಬ ನಂಬಿಕೆ. ಬನದ ಹುಣ್ಣಿಮೆಯ ತೇರಿನ ಹಿಂದಿನ ದಿನ ‘ಪಲ್ಲೇದ ಹಬ್ಬ’ ನಡೆಯುತ್ತದೆ. ಅಂದು ದೇವಿಗೆ 108 ಬಗೆಯ ತರಕಾರಿಯ ಅಡುಗೆ ನೈವೇದ್ಯ. ಹಾಗಿದ್ದರೂ ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬಂದ ಎಷ್ಟೋ ಕುಟುಂಬಗಳು ಆ ಬುಟ್ಟಿಗಳ ಮುಂದೆಯೇ ಹಾದು ಹೋಗಿ, ಹೆದ್ದಾರಿಯ ಹೋಟೆಲಿನಲ್ಲಿ ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ ತಿಂದು ವಾಪಸಾಗುತ್ತವೆ. ಮೂರನೆಯ ದಿನದ ಹೊತ್ತಿಗೆ ಮಕ್ಕಳಿಗೆ ಹೊಟ್ಟೆ ಕೆಡುತ್ತದೆ, ಹಿರಿಯರಿಗೆ ಒಂದು ತುತ್ತು ಮೊಸರನ್ನ ಸಿಕ್ಕಿದರೆ ಸಾಕೆನಿಸುತ್ತದೆ.

ಪ್ರವಾಸದಲ್ಲಿ ಮನೆಯೂಟ ಸಿಗುವುದು ಅದೃಷ್ಟದ ಮಾತಲ್ಲ. ತಂಗುವ ಕೋಣೆಯನ್ನು ಮೊದಲೇ ಗೊತ್ತುಮಾಡುವವರು ಊಟವನ್ನೂ ಹಾಗೆಯೇ ಗೊತ್ತುಮಾಡಿಕೊಂಡರೆ ಸಿಗುತ್ತದೆ. ಅದರ ಆರಂಭ ಒಂದು ಪ್ರಶ್ನೆಯಲ್ಲಿದೆ. ‘ಮೆನುವಿನಲ್ಲಿ ಏನೇನಿದೆ?’ ಎಂದು ಕೇಳಿದವರಿಗೆ ಎಲ್ಲ ಊರಲ್ಲೂ ಸಿಗುವ ಪಟ್ಟಿಯೇ ಸಿಗುತ್ತದೆ. ‘ಇವತ್ತು ನಿಮ್ಮ ಮನೆಯಲ್ಲಿ ಏನಡುಗೆ? ಅದನ್ನೇ ನಮಗೂ ಬಡಿಸಬಹುದಾ?’ ಎಂದು ಕೇಳಿದವರಿಗೆ ಆ ಊರಿನ ಹಿತ್ತಲು, ಹೊಲ, ಸಂತೆ ಎಲೆಯ ಮೇಲೆ ಬರುತ್ತದೆ.

ತಿಂಗಳು ನೋಡಿ ಊರು

ಯಾವ ಊರಿಗೆ ಹೋದರೆ ಏನು ತಿನ್ನಬಹುದು ಎನ್ನುವುದಕ್ಕಿಂತ, ಯಾವ ತಿಂಗಳಲ್ಲಿ ಹೋದರೆ ಏನು ಸಿಗುತ್ತದೆ ಎಂದು ತಿಳಿದಿರುವುದು ಹೆಚ್ಚು ಉಪಯುಕ್ತ.

ಡಿಸೆಂಬರ್, ಜನವರಿಯಲ್ಲಿ ಹಳೆ ಮೈಸೂರು ಸೀಮೆ ಪೂರ್ತಿ ಅವರೆಕಾಯಿಯ ಸೊಗಡು. ಹಿತಕಿದ ಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಮುದ್ದೆಗೆ ಅವರೆಕಾಳು ಹುಳಿ ಎಲ್ಲ ಮನೆಗಳಲ್ಲೂ ಇರುತ್ತದೆ. ಅದೇ ಹೊತ್ತಿಗೆ ಉತ್ತರ ಕರ್ನಾಟಕದ ಹೊಲಗಳಲ್ಲಿ ಹಸಿ ಕಡಲೆ ಗಿಡ. ಅದರ ಬೆನ್ನಿಗೇ ಎಳೆಯ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತಿನ್ನುವ ಸೀತನಿಯ ಕಾಲ. ಎಳ್ಳಮಾವಾಸ್ಯೆಯಂದು ಕಲಬುರಗಿ, ಬೀದರ್ ಭಾಗದಲ್ಲಿದ್ದವರಿಗೆ ಬಜ್ಜಿ ಪಲ್ಯ ತಪ್ಪಬಾರದು. ಆ ಋತುವಿನ ಹಸಿ ಕಾಳು, ಸೊಪ್ಪು, ತರಕಾರಿ ಎಲ್ಲವನ್ನೂ ಕೂಡಿಸಿ ಬೇಯಿಸಿ, ಸಜ್ಜೆ ರೊಟ್ಟಿಯ ಜೊತೆ ಹೊಲದಲ್ಲೇ ಕುಳಿತು ಉಣ್ಣುವ ಊಟ ಅದು. ಹೊಲಕ್ಕೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದ ಮನೆಯವರು ದಾರಿಹೋಕರನ್ನೂ ಕರೆದು ಕೂರಿಸುತ್ತಾರೆ.

ಚಳಿಗಾಲ ಮುಗಿಯುವ ಮುನ್ನ ಮಲೆನಾಡಿನಲ್ಲಿ ಆಲೆಮನೆ. ಕಬ್ಬಿನ ಹಾಲು, ಬಿಸಿ ಜೋನಿ ಬೆಲ್ಲ, ಕವುಚಿ ಹಾಕಿದ ಮಡಕೆಯ ಮೇಲೆ ಬಟ್ಟೆಯಲ್ಲಿ ಹಿಟ್ಟು ಸವರಿ ತೆಗೆಯುವ ಕಾಗದದಷ್ಟು ತೆಳುವಾದ ತೊಡೆದೇವು. ಬೇಸಿಗೆಯಲ್ಲಿ ಶಿರಸಿ, ಸಿದ್ದಾಪುರ, ಸಾಗರದ ಮನೆಗಳಲ್ಲಿ ಅಪ್ಪೆಮಿಡಿ. ಊಟದ ನಡುವೆ ಲೋಟದಲ್ಲಿ ಕೊಡುವ ಅಪ್ಪೆಹುಳಿ ಕುಡಿದರೆ ಬಿಸಿಲಿನ ಆಯಾಸ ಇಳಿಯುತ್ತದೆ. ಏಪ್ರಿಲ್‌ನಿಂದ ಹಲಸು; ಕಾಯಿಯ ಹುಳಿ, ಹಪ್ಪಳ, ಹಣ್ಣಿನ ಕಡುಬು. ಮಳೆ ಹಿಡಿದ ಮೇಲೆ ಕರಾವಳಿ, ಮಲೆನಾಡು, ಕೊಡಗಿನಲ್ಲಿ ಕಳಲೆ (ಎಳೆ ಬಿದಿರು), ಕೆಸುವಿನ ಎಲೆ, ಅಣಬೆ, ಚಗಟೆ ಸೊಪ್ಪು. ತುಳುನಾಡಿನ ಆಟಿ ತಿಂಗಳ ಅಡುಗೆ ಇವುಗಳ ಮೇಲೆಯೇ ನಿಂತಿದೆ. ಕೊಡಗಿನಲ್ಲಿ ಕಕ್ಕಡ ಮಾಸದ 18ನೆಯ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದು ಸೊಪ್ಪಿನ ಕಡುನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ಆ ಸೊಪ್ಪಿನಲ್ಲಿ ಅಂದು 18 ಬಗೆಯ ಔಷಧ ಗುಣ ತುಂಬಿರುತ್ತದೆ ಎಂಬುದು ಅಲ್ಲಿನವರ ನಂಬಿಕೆ. ಮರುದಿನ ಮೂತ್ರ ಕೆಂಪಾದರೆ ಹೊಸಬರು ಗಾಬರಿಯಾಗಬೇಕಿಲ್ಲ. ಅದು ಸೊಪ್ಪಿನ ಬಣ್ಣ.

ಮೀನು ತಿನ್ನುವವರು ನೆನಪಿಡಬೇಕಾದ ಒಂದು ಲೆಕ್ಕವಿದೆ. ರಾಜ್ಯದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮರಿಮಾಡುವ ಕಾಲ ಅದು. ಆಗ ಮಂಗಳೂರಿಗೋ ಕಾರವಾರಕ್ಕೋ ಹೋಗಿ ಅಂಜಲ್ ಕೇಳಿದರೆ ಹೆಚ್ಚಾಗಿ ಮಂಜುಗಡ್ಡೆಯಲ್ಲಿಟ್ಟದ್ದೇ ಬರುತ್ತದೆ. ಆ ಎರಡು ತಿಂಗಳು ಮನೆಗಳಲ್ಲಿ ನಡೆಯುವುದು ಒಣಮೀನು, ಹೊಳೆಮೀನು, ನಾಡದೋಣಿಯವರು ತಂದ ಅಷ್ಟಿಷ್ಟು. ಅದನ್ನೇ ಕೇಳಿ ಪಡೆಯುವುದು ಜಾಣತನ.

ಖಾನಾವಳಿಯ ತಾಟು

ಹುಬ್ಬಳ್ಳಿ, ಧಾರವಾಡ, ಗದಗ, ವಿಜಯಪುರ, ಬಾಗಲಕೋಟೆಯ ಕಡೆ ಹೋಗುವವರಿಗೆ ಮನೆಯೂಟ ಹುಡುಕುವ ಕಷ್ಟವೇ ಇಲ್ಲ. ಬಸ್ ನಿಲ್ದಾಣದ ಸುತ್ತಮುತ್ತ ಖಾನಾವಳಿ ಇದ್ದೇ ಇರುತ್ತದೆ. ಬಹಳಷ್ಟು ಕಡೆ ಮನೆಯವರೇ ನಡೆಸುತ್ತಾರೆ. ಒಳಗೆ ಕಟ್ಟಿಗೆ ಒಲೆಯೋ ಗ್ಯಾಸೋ, ಅದರ ಮುಂದೆ ಕುಳಿತ ಹೆಂಗಸರು ರೊಟ್ಟಿ ಬಡಿಯುವ ‘ಪಟ ಪಟ’ ಸದ್ದು ಹೊರಗೆ ಕೇಳುತ್ತದೆ. ಆ ಸದ್ದು ಕೇಳಿಸುವ ಖಾನಾವಳಿಯನ್ನೇ ಆರಿಸಿಕೊಳ್ಳಬೇಕು. ಅಲ್ಲಿ ರೊಟ್ಟಿ ತವೆಯಿಂದ ನೇರ ತಾಟಿಗೆ ಬರುತ್ತದೆ.

ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿಲ್ಲ. ಅದಕ್ಕೇ ಹಿಟ್ಟಿಗೆ ಕುದಿಯುವ ನೀರು ಹಾಕಿ, ಅಂಗೈಯಿಂದ ಚೆನ್ನಾಗಿ ನಾದಿ, ಬಡಿದು ಅಗಲ ಮಾಡುತ್ತಾರೆ. ತವೆಗೆ ಹಾಕಿದ ಮೇಲೆ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಹಿಟ್ಟು ಹಳೆಯದಾದಷ್ಟೂ ಜಿಗಿ ಕಡಿಮೆಯಾಗಿ ರೊಟ್ಟಿ ಅಂಚಿನಲ್ಲಿ ಸೀಳುತ್ತದೆ. ಆದ್ದರಿಂದ ಸೀಳಿಲ್ಲದೆ ಉಬ್ಬಿದ ಮೆತ್ತನೆಯ ರೊಟ್ಟಿ ಕಂಡರೆ ಹಿಟ್ಟು ಹೊಸದು, ಕೈ ಪಳಗಿದ್ದು ಎಂದರ್ಥ. ವಿಜಯಪುರ ಸೀಮೆಯ ಕಪ್ಪು ಮಣ್ಣಿನಲ್ಲಿ ಹಿಂಗಾರಿಗೆ ಬೆಳೆಯುವ ಮಾಲದಂಡಿ ಬಿಳಿಜೋಳದ ರೊಟ್ಟಿಗೆ ಸಣ್ಣ ಸಿಹಿ ಇರುತ್ತದೆ.

ತಾಟಿನಲ್ಲಿ ಮೊದಲು ನೋಡಬೇಕಾದದ್ದು ಹಸಿ ತರಕಾರಿಯ ಮೂಲೆ. ಮೆಂತ್ಯದ ಎಳೆ ಸೊಪ್ಪು, ಉಳ್ಳಾಗಡ್ಡಿ, ಸವತಿಕಾಯಿ, ಮೂಲಂಗಿ, ಕಾಲ ಒದಗಿದರೆ ಹೊಲದಲ್ಲಿ ತಾನೇ ಹುಟ್ಟುವ ಹಕ್ಕರಕಿ ಸೊಪ್ಪು. ಇವು ಅವತ್ತಿನ ಸಂತೆಯಿಂದ ಬಂದವು ಎನ್ನುವುದಕ್ಕೆ ಎಲೆಯ ಬಿಗಿಯೇ ಸಾಕ್ಷಿ. ಆಮೇಲೆ ಪುಂಡಿಪಲ್ಯ, ಜುಣಕ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು. ‘ಇವತ್ತಿನ ಪಲ್ಯ ಯಾವುದು?’ ಎಂದು ಕೇಳಿ ಅದನ್ನೇ ಇನ್ನೊಮ್ಮೆ ಬಡಿಸಿಕೊಳ್ಳಬಹುದು. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ ಹೋದವರಿಗೆ ಒಳ್ಳೆಯ ಊಟ. ಮೂರರ ಮೇಲೆ ಹೋದರೆ ತಳ ಹಿಡಿದ ಸಾರು.

ಕೆಂಪು ಬಣ್ಣ ನೋಡಿ ಹೆದರುವವರಿಗೆ ಒಂದು ಸಮಾಧಾನ: ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆದರೂ ಹಸಿಮೆಣಸಿನಕಾಯಿ ಖಾರದ ಚಟ್ನಿ ಬೇರೆಯೇ. ಮಕ್ಕಳಿದ್ದರೆ ಬಡಿಸುವ ಮೊದಲೇ ಹೇಳಬೇಕು. ಶೇಂಗಾ ಒಗ್ಗದವರಂತೂ ಕೂರುವ ಮುನ್ನವೇ ಸ್ಪಷ್ಟವಾಗಿ ತಿಳಿಸಬೇಕು. ಈ ಭಾಗದಲ್ಲಿ ಹಿಂಡಿ, ಎಣ್ಣೆಗಾಯಿ, ಪಲ್ಯ ಎಲ್ಲದರಲ್ಲೂ ಶೇಂಗಾ ಪುಡಿ ಇರುತ್ತದೆ.

ತೋಟದ ಮನೆಗೆ ಒಂದು ದಿನ ಮೊದಲು

2000ದ ದಶಕದ ಆರಂಭದಲ್ಲಿ ಕಾಫಿ ಬೆಲೆ ಕುಸಿದಿದ್ದಾಗ ಕೊಡಗು, ಚಿಕ್ಕಮಗಳೂರಿನ ಎಷ್ಟೋ ತೋಟದ ಮನೆಗಳು ಅತಿಥಿಗಳಿಗೆ ಬಾಗಿಲು ತೆರೆದವು. ಇಂದು ಶಿರಸಿ, ಯಲ್ಲಾಪುರ, ತೀರ್ಥಹಳ್ಳಿ, ಸಕಲೇಶಪುರದವರೆಗೂ ಹೋಂಸ್ಟೇ ಹಬ್ಬಿದೆ. ಆದರೆ ಎಲ್ಲ ಹೋಂಸ್ಟೇಗಳಲ್ಲೂ ಮನೆಯೂಟ ಇರುತ್ತದೆ ಎನ್ನುವಂತಿಲ್ಲ. ಕೆಲವೆಡೆ ಮಾಲೀಕರು ಪೇಟೆಯಲ್ಲಿರುತ್ತಾರೆ, ಅಡುಗೆ ಹೊರಗಿನಿಂದ ಬರುತ್ತದೆ. ಕೋಣೆ ಗೊತ್ತುಮಾಡುವಾಗ ಫೋನಿನಲ್ಲಿ ಮೂರು ಮಾತು ಕೇಳಿದರೆ ಸಾಕು: ಮನೆಯವರು ಅಲ್ಲೇ ಇರುತ್ತಾರಾ, ಅಡುಗೆ ಯಾರು ಮಾಡುತ್ತಾರೆ, ಈಗ ತೋಟದಲ್ಲಿ, ಹಿತ್ತಲಲ್ಲಿ ಏನಿದೆ. ಮೂರನೆಯ ಪ್ರಶ್ನೆಗೆ ಉತ್ಸಾಹದಿಂದ ಉತ್ತರ ಬಂದರೆ ಅಲ್ಲಿ ಊಟ ಚೆನ್ನಾಗಿರುತ್ತದೆ.

ಒಂದು ದಿನ ಮೊದಲು ಹೇಳಬೇಕು ಎನ್ನುವುದಕ್ಕೆ ಕಾರಣ ಅಡುಗೆಯಲ್ಲೇ ಇದೆ. ಪತ್ರೊಡೆಯನ್ನೇ ನೋಡಬಹುದು. ಕೆಸುವಿನ ಎಲೆ ಬೆಳಿಗ್ಗೆ ಕೊಯ್ದು ತರಬೇಕು, ಹಿಂಬದಿಯ ದಪ್ಪ ನಾರು ಹೆರೆಯಬೇಕು. ಅಕ್ಕಿ ನೆನೆಸಿ, ಹುಣಸೆಹಣ್ಣು, ಬೆಲ್ಲ, ಮೆಣಸು, ಕೊತ್ತಂಬರಿ ಸೇರಿಸಿ ತರಿತರಿಯಾಗಿ ರುಬ್ಬಬೇಕು. ದೊಡ್ಡ ಎಲೆ ಕೆಳಗಿಟ್ಟು, ಹಿಟ್ಟು ಸವರಿ, ಅದರ ಮೇಲೆ ಇನ್ನೊಂದೆಲೆ, ಮತ್ತೆ ಹಿಟ್ಟು. ಹೀಗೆ ಐದಾರು ಪದರ ಆದ ಮೇಲೆ ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸಬೇಕು. ಆರಿದ ಮೇಲೆ ಬಿಲ್ಲೆ ಕತ್ತರಿಸಿ ತೆಂಗಿನೆಣ್ಣೆಯಲ್ಲಿ ಕಾಯಿಸಿದರೆ ಅಂಚು ಗರಿಗರಿ, ಒಳಗೆ ಮೆತ್ತಗೆ. ಕೆಸುವಿನ ಎಲೆಯಲ್ಲಿ ಆಕ್ಸಲೇಟ್ ಹರಳುಗಳಿವೆ. ಗಂಟಲು ಕೆರೆಯುವುದು ಅದರಿಂದಲೇ. ಹುಳಿ ಸಾಕಷ್ಟು ಬಿದ್ದು ಪೂರ್ತಿ ಬೆಂದರೆ ತೊಂದರೆಯಿಲ್ಲ. ಅರ್ಧ ಗಂಟೆಯಲ್ಲಿ ಮಾಡಿಕೊಡಿ ಎಂದು ಒತ್ತಾಯಿಸುವ ಅಡುಗೆ ಇದಲ್ಲ.

ಕಳಲೆಗೆ ಇನ್ನೂ ಹೆಚ್ಚು ಹೊತ್ತು ಬೇಕು. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುವ ವಿಷಾಂಶವಿದ್ದು, ಹೆಚ್ಚಿದ ಕಳಲೆಯನ್ನು ಎರಡು ಮೂರು ದಿನ ನೀರು ಬದಲಿಸುತ್ತ ನೆನೆಸಿಟ್ಟೇ ಬಳಸುತ್ತಾರೆ. ಕೊಡಗಿನ ಬೈಂಬಳೆ ಕರಿಯೋ ಮಲೆನಾಡಿನ ಕಳಲೆ ಪಲ್ಯವೋ ಬೇಕೆಂದರೆ ಹೊರಡುವ ವಾರವೇ ಹೇಳಿಡುವುದು ಸರಿ. ದಾರಿಬದಿಯಲ್ಲಿ ಹಸಿ ಕಳಲೆ ಕಂಡಿತೆಂದು ಕೊಂಡು ಅಂದೇ ಬೇಯಿಸುವ ಸಾಹಸ ಬೇಡ. ಅಣಬೆಯ ವಿಷಯವೂ ಹಾಗೆಯೇ: ಸ್ಥಳೀಯರು ಗುರುತಿಸಿ ತಂದದ್ದನ್ನು ಮಾತ್ರ ತಿನ್ನಬೇಕು.

ತಂಬುಳಿಗೆ ಇಷ್ಟೆಲ್ಲ ಮುನ್ಸೂಚನೆ ಬೇಡ. ಹಿತ್ತಲಿನ ಒಂದೆಲಗವೋ ದೊಡ್ಡಪತ್ರೆಯೋ ಒಂದು ಹಿಡಿ, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಆಯಿತು. ಉತ್ತರ ಕನ್ನಡದ ಹವ್ಯಕರ ಮನೆಗಳಲ್ಲಿ ಬಂದವರಿಗೆ ಮೊದಲು ಕೇಳುವುದು ‘ಆಸರಿಗೆ ಬೇಕಾ?’ ಎಂದು. ಬೇಡ ಎನ್ನದೆ ಒಂದು ಲೋಟ ಪಾನಕವೋ ಮಜ್ಜಿಗೆಯೋ ಕುಡಿದು ಕುಳಿತರೆ ಅಡುಗೆಮನೆಯ ಮಾತು ತಾನಾಗಿ ಶುರುವಾಗುತ್ತದೆ.

ಕೆಲವು ಸೌಜನ್ಯಗಳನ್ನು ಪಾಲಿಸಲೇಬೇಕು. ಎಷ್ಟು ಜನ, ಎಷ್ಟು ಹೊತ್ತಿಗೆ ಎಂದು ನಿಖರವಾಗಿ ಹೇಳಬೇಕು. ಒಂದು ಎಲೆಗೆ ಎಷ್ಟು ಎಂದು ದರ ಮೊದಲೇ ಕೇಳಿಕೊಳ್ಳುವುದರಲ್ಲಿ ಸಂಕೋಚ ಬೇಡ. ಹೇಳಿಟ್ಟು ಹೋಗದಿದ್ದರೆ ಮಾಡಿಟ್ಟ ಅಡುಗೆ ವ್ಯರ್ಥ. ದಾರಿಯಲ್ಲಿ ತಡವಾದರೂ ಒಂದು ಫೋನ್ ಮಾಡಬೇಕು. ಸಸ್ಯಾಹಾರಿಗಳು ಕರಾವಳಿ, ಕೊಡಗಿನಲ್ಲಿ ಮುಂಚಿತವಾಗಿ ತಿಳಿಸುವುದು ಒಳ್ಳೆಯದು, ಏಕೆಂದರೆ ಒಣ ಸಿಗಡಿ ಹಾಕಿದ ಚಟ್ನಿಯೂ ನೋಡಲು ಕಾಯಿಚಟ್ನಿಯಂತೆಯೇ ಇರುತ್ತದೆ.

ಸಂತೆಯಲ್ಲಿ ಅರ್ಧ ಗಂಟೆ

ತಂಗಿದ ಊರಿನ ಸಂತೆ ಯಾವ ವಾರ ಎಂದು ತಿಳಿಯುವುದು ಬಹಳ ಸುಲಭ; ಆಟೋದವರನ್ನೋ ಚಹಾ ಅಂಗಡಿಯವರನ್ನೋ ಕೇಳಿದರೆ ಸಾಕು. ಮಡಿಕೇರಿಯಲ್ಲಿ ಶುಕ್ರವಾರ, ಕಾರವಾರದಲ್ಲಿ ಭಾನುವಾರ. ಸಂತೆಯಿಲ್ಲದ ದಿನ ಬೆಂಗಳೂರು, ಮೈಸೂರಿನಂಥ ಕಡೆ 1959ರಲ್ಲಿ ಹುಟ್ಟಿದ ರೈತರ ಸಹಕಾರ ಸಂಸ್ಥೆ ಹಾಪ್‌ಕಾಮ್ಸ್‌ನ ಮಳಿಗೆಗಳಿವೆ.

ಸಂತೆಯಲ್ಲಿ ಮೊದಲ ಸುತ್ತು ಬರೀ ನೋಡಲು. ಲಾರಿಯಲ್ಲಿ ಬಂದ ಆಲೂಗಡ್ಡೆ, ಎಲೆಕೋಸು, ಕ್ಯಾರೆಟ್ ಮುಂದಿನ ಸಾಲಿನಲ್ಲಿರುತ್ತವೆ. ಊರಿನ ಬೆಳೆ ಇರುವುದು ಅಂಚಿನಲ್ಲಿ, ನೆಲದ ಮೇಲೆ ಗೋಣಿತಾಟು ಹಾಸಿ ನಾಲ್ಕು ಕಟ್ಟು ಸೊಪ್ಪು, ಎರಡು ಸೋರೆಕಾಯಿ, ಒಂದು ಗೊನೆ ಬಾಳೆ ಇಟ್ಟುಕೊಂಡು ಕುಳಿತ ಅಜ್ಜಿಯ ಮುಂದೆ. ಅಂಕೋಲಾ, ಕುಮಟಾ, ಗೋಕರ್ಣದ ಕಡೆ ಕೊರಳು ತುಂಬ ಮಣಿಸರ ಧರಿಸಿದ ಹಾಲಕ್ಕಿ ಹೆಂಗಸರು ತಾವೇ ಬೆಳೆದ ತರಕಾರಿ ತಂದು ಮಾರುತ್ತಾರೆ. ಬೇಸಿಗೆಯಲ್ಲಿ ಅದೇ ದಾರಿಯಲ್ಲಿ ಕುಮಟಾದ ಅಳ್ವೆಕೋಡಿಯ ಬಳಿ ಹೆದ್ದಾರಿಯ ಎರಡೂ ಬದಿ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತವೆ.

ಉಡುಪಿಯ ಕಡೆ ಹೋದವರು ಮಟ್ಟುಗುಳ್ಳವನ್ನು ಕೇಳಿ ಪಡೆಯಬೇಕು. ತಿಳಿ ಹಸಿರಿನ ಮೇಲೆ ಬಿಳಿ ಗೆರೆ, ಚೆಂಡಿನಂಥ ದುಂಡನೆ ರೂಪ, ತೆಳು ಸಿಪ್ಪೆ. ಕಟಪಾಡಿಯ ಸಮೀಪದ ಮಟ್ಟು ಗ್ರಾಮದಲ್ಲಿ ಬೆಳೆಯುವ ಈ ಬದನೆಯ ಬೀಜವನ್ನು ಸೋದೆ ಮಠದ ವಾದಿರಾಜರು ಕೊಟ್ಟರೆಂಬ ಪ್ರತೀತಿಯಿದ್ದು, ಕೃಷ್ಣಮಠದ ಅಡುಗೆಗೆ ಇದು ಬೇಕೇ ಬೇಕು. ಭೌಗೋಳಿಕ ಮಾನ್ಯತೆಯೂ ಸಿಕ್ಕಿದೆ. ಹೆಚ್ಚಿ ನೀರಿಗೆ ಹಾಕಿದರೆ ಬಣ್ಣ ಕೆಡುವುದಿಲ್ಲ. ತೊಗರಿಬೇಳೆ, ತೆಂಗಿನಕಾಯಿ ಮಸಾಲೆ ಹಾಕಿ ಹುಳಿ ಮಾಡಿದರೆ ಹೋಳು ಬಾಯಲ್ಲಿ ಕರಗುತ್ತದೆ. ಇದೇ ಬಗೆಯ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ, ಕಮಲಾಪುರದ ಕೆಂಪು ಬಾಳೆ, ದೇವನಹಳ್ಳಿ ಚಕ್ಕೋತ, ಕೊಡಗಿನ ಕಿತ್ತಳೆ, ಇಂಡಿ ಲಿಂಬೆ ಆಯಾ ಊರಲ್ಲಿ ವಿಚಾರಿಸಿ ಕೊಳ್ಳಬೇಕಾದವು. ಹೆಸರು ಹೇಳಿ ಬೇರೆಯದನ್ನು ಮಾರುವುದೂ ಉಂಟು; ಬೆಳೆದವರಿಂದಲೇ ಕೊಂಡರೆ ಆ ಚಿಂತೆಯಿಲ್ಲ.

ಬೆಂಡೆಕಾಯಿಯ ತುದಿ ಲಟ್ಟನೆ ಮುರಿಯಬೇಕು. ಬದನೆಯ ತೊಟ್ಟು ಹಸಿರಾಗಿರಬೇಕು, ಕೈಯಲ್ಲಿ ಹಗುರವಾಗಿದ್ದರೆ ಬೀಜ ಎಳೆಯದು. ಸೊಪ್ಪನ್ನು ಬೆಳಿಗ್ಗೆಯೇ ಕೊಳ್ಳಬೇಕು. ಟೊಮೆಟೊ, ಬಾಳೆಹಣ್ಣು ಸಂಜೆಗೂ ಆದೀತು. ಪ್ರವಾಸಿಗರು ಮಾಡುವ ಸಾಮಾನ್ಯ ತಪ್ಪು ಅಗ್ಗವೆಂದು ಹೆಚ್ಚು ಕೊಳ್ಳುವುದು. ಗುಡ್ಡೆ ಲೆಕ್ಕದಲ್ಲಿ ಮಾರುವವರನ್ನು ಅರ್ಧ ಗುಡ್ಡೆ ಕೇಳಿದರೂ ಕೊಡುತ್ತಾರೆ. ಒಂದು ಹೊತ್ತಿಗೆ ಬೇಕಾದಷ್ಟು ಸಾಕು.

ಕೋಣೆಯಲ್ಲೇ ಒಂದು ಪಾತ್ರೆ ಅಡುಗೆ

ನಾಲ್ಕೈದು ದಿನ ಒಂದೇ ಊರಲ್ಲಿ ಇರುವವರಿಗೆ ಅಡುಗೆಮನೆಯಿರುವ ಸರ್ವಿಸ್ ಅಪಾರ್ಟ್‌ಮೆಂಟ್ ಅನುಕೂಲ. ಸಾಮಾನ್ಯ ಲಾಡ್ಜುಗಳಲ್ಲಿ ಅಡುಗೆಗೆ ಅನುಮತಿ ಇರುವುದಿಲ್ಲ. ಕೇಳದೆ ಒಲೆ ಹಚ್ಚಬಾರದು. ಅನುಮತಿ ಇದ್ದರೂ ಪ್ಲಗ್ ನೋಡಬೇಕು. ಕೋಣೆಯ ಸಣ್ಣ ಸಾಕೆಟ್ 6 ಆಂಪಿಯರ್‌ನದು, ಅಂದರೆ 230 ವೋಲ್ಟ್‌ನಲ್ಲಿ ಸುಮಾರು 1,380 ವಾಟ್ ತಡೆಯುತ್ತದೆ. ದೊಡ್ಡ ಇಂಡಕ್ಷನ್ ಒಲೆ 2,000 ವಾಟ್‌ವರೆಗೂ ಎಳೆಯುತ್ತದೆ. ಅದಕ್ಕೆ 16 ಆಂಪಿಯರ್ ಸಾಕೆಟ್ಟೇ ಬೇಕು. ಸಣ್ಣ ಎಲೆಕ್ಟ್ರಿಕ್ ಕುಕ್ಕರ್‌ಗೆ ಈ ತಾಪತ್ರಯವಿಲ್ಲ. ಕೋಣೆಯ ಕೆಟಲ್ ನೀರು ಕಾಯಿಸಲು ಮಾತ್ರ. ಅದರಲ್ಲಿ ಹಾಲು, ನೂಡಲ್ಸ್ ಕುದಿಸಿದರೆ ಮುಂದೆ ಬರುವವರಿಗೆ ಕಷ್ಟ.

ದಣಿದು ಬಂದ ಸಂಜೆಗೆ ಹೆಸರುಬೇಳೆ ಹುಗ್ಗಿಯಷ್ಟು ಹಿತವಾದದ್ದು ಇನ್ನೊಂದಿಲ್ಲ. ಒಂದು ಲೋಟ ಅಕ್ಕಿ, ಅರ್ಧ ಲೋಟ ಹೆಸರುಬೇಳೆ, ಸಂತೆಯಿಂದ ತಂದ ಕುಂಬಳಕಾಯಿಯೋ ಹಸಿ ಅವರೆಕಾಳೋ ಒಂದು ಹಿಡಿ, ಜಜ್ಜಿದ ಶುಂಠಿ, ಜೀರಿಗೆ, ಮೆಣಸು, ಚಿಟಿಕೆ ಅರಿಶಿನ, ಐದು ಲೋಟ ನೀರು. ಬೆಂದ ಮೇಲೆ ಉಪ್ಪು, ಒಂದು ಚಮಚ ತುಪ್ಪ. ಮೂವರಿಗೆ ಸಾಕು. ಒಲೆಯೇ ಇಲ್ಲದಿದ್ದರೆ ಕೋಸಂಬರಿ: ಹೆಸರುಬೇಳೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಎರಡು ಗಂಟೆ ನೆನೆಸಿ, ಬಸಿದು, ಸಣ್ಣಗೆ ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ, ಉಪ್ಪು, ನಿಂಬೆರಸ. ಜೊತೆಗೆ ತೆಳು ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ, ಹೆಚ್ಚಿದ ಈರುಳ್ಳಿ ಹಚ್ಚಿದರೆ ರಾತ್ರಿಯ ಊಟವಾಯಿತು. ಇದಕ್ಕೆಲ್ಲ ಬೇಕಾದ ಸಾಮಾನು ಒಂದು ಚಾಕು, ಒಂದು ಬಟ್ಟಲು, ಎರಡು ಚಮಚ, ಪುಟ್ಟ ಡಬ್ಬಿಗಳಲ್ಲಿ ಉಪ್ಪು, ಜೀರಿಗೆ, ಚಟ್ನಿಪುಡಿ.

ಬುತ್ತಿ, ರೈಲು ಮತ್ತು ಕಾನೂನು

ದಾರಿಗೆ ಬುತ್ತಿ ಕಟ್ಟುವ ರೂಢಿ ಪ್ರಯಾಣದಷ್ಟೇ ಹಳೆಯದು. ಏನು ಎಷ್ಟು ಹೊತ್ತು ಉಳಿಯುತ್ತದೆ ಎಂಬ ಲೆಕ್ಕ ಗೊತ್ತಿದ್ದರಾಯಿತು. ಚಪಾತಿ ಪಲ್ಯ ಮೊದಲ ಊಟಕ್ಕೆ. ಹುಣಸೆಹಣ್ಣು, ಎಣ್ಣೆ ಹೆಚ್ಚಿರುವ ಪುಳಿಯೋಗರೆ ಅದಕ್ಕಿಂತ ತುಸು ಹೆಚ್ಚು ಹೊತ್ತು ಬಾಳುತ್ತದೆ. ಗೊಜ್ಜನ್ನು ಬೇರೆಯಾಗಿ ಒಯ್ದರೆ ಬಿಸಿ ಅನ್ನ ಸಿಕ್ಕಲ್ಲಿ ಕಲಸಿಕೊಳ್ಳಬಹುದು. ನೀರಿನಂಶವೇ ಇಲ್ಲದ ಕಡಕ್ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ, ರಾಗಿ ಹುರಿಹಿಟ್ಟು, ಚಟ್ನಿಪುಡಿ, ಮೆಂತ್ಯದ ಹಿಟ್ಟು ವಾರಗಟ್ಟಲೆ ಕೆಡುವುದಿಲ್ಲ. ತೆಂಗಿನಕಾಯಿ ಚಟ್ನಿಯನ್ನು ಮಾತ್ರ ಬೇಸಿಗೆಯ ಪ್ರಯಾಣಕ್ಕೆ ಕಟ್ಟಲೇಬಾರದು.

ರೈಲಿನಲ್ಲಿ ಒಲೆ, ಗ್ಯಾಸ್ ಸಿಲಿಂಡರ್, ಸೀಮೆಎಣ್ಣೆ ಒಯ್ಯುವುದು ಅಪರಾಧ. 1989ರ ರೈಲ್ವೆ ಕಾಯ್ದೆಯ 164ನೆಯ ಕಲಮಿನಂತೆ ಮೂರು ವರ್ಷದವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಆಗಸ್ಟ್ 26ರಂದು ಮದುರೆಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಕದ್ದು ತಂದಿದ್ದ ಸಿಲಿಂಡರ್‌ನಿಂದ ಬೆಂಕಿ ಹತ್ತಿ ಒಂಬತ್ತು ಜನ ಸತ್ತರು. ತೀರ್ಥಯಾತ್ರೆಗೆ ಅಡುಗೆಯವರನ್ನೇ ಕರೆದೊಯ್ಯುವ ತಂಡಗಳು ಇದನ್ನು ಮರೆಯಬಾರದು. ಅಡುಗೆ ಇಳಿದ ಊರಲ್ಲಿ, ಛತ್ರದಲ್ಲಿ. ಬೋಗಿಯ ಮೊಬೈಲ್ ಪ್ಲಗ್ಗಿಗೆ ಕೆಟಲ್ ಸಿಕ್ಕಿಸುವುದೂ ನಿಷಿದ್ಧ.

ನೀರು, ಕೈ, ಹೊತ್ತು

ಮನೆಯೂಟವೆಂದ ಮಾತ್ರಕ್ಕೆ ಎಚ್ಚರ ಬಿಡುವಂತಿಲ್ಲ. ಬೇಯಿಸಿದ್ದು ಬಿಸಿಯಾಗಿದ್ದಾಗಲೇ ಉಣ್ಣಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಬೇಯಿಸಿದ ಆಹಾರವನ್ನು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಮಧ್ಯಾಹ್ನದ ಅನ್ನವನ್ನು ಕಾರಿನ ಸೆಕೆಯಲ್ಲಿಟ್ಟು ರಾತ್ರಿ ಉಣ್ಣುವುದು ಅಪಾಯ. ಅನ್ನದಲ್ಲಿ ಬೆಳೆಯುವ ಕೆಲವು ರೋಗಾಣುಗಳ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ನೀರನ್ನು ಬುಳುಬುಳು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ ಆರಿಸಬೇಕು. ಮಲೆನಾಡಿನ ಹಲವು ಮನೆಗಳಲ್ಲಿ ಕುಡಿಯಲು ಕೊಡುವುದೇ ಜೀರಿಗೆ ಹಾಕಿ ಕಾಯಿಸಿದ ನೀರು. ಹಸಿ ಸೊಪ್ಪು, ಸೌತೆಕಾಯಿ ತಿನ್ನಲು ಆಸೆಯಿದ್ದರೆ ಒಳ್ಳೆಯ ನೀರಿನಲ್ಲಿ ಸ್ವತಃ ತೊಳೆದದ್ದು ಉತ್ತಮ. ಸಂಶಯವಿದ್ದ ಕಡೆ ಸಿಪ್ಪೆ ಸುಲಿಯುವ ಹಣ್ಣು, ಬೆಂದ ತರಕಾರಿಯೇ ಸಾಕು. ಊಟಕ್ಕೆ ಮುನ್ನ ಸಾಬೂನಿನಿಂದ ಕೈತೊಳೆಯುವುದನ್ನು ಬಿಡಬಾರದು. ಎರಡು ಪೊಟ್ಟಣ ಓಆರ್‌ಎಸ್ ಚೀಲದಲ್ಲಿರಲಿ.

ಗಡಿಯಾಚೆ

ರಾಜ್ಯದ ಹೊರಗೂ ಇದೇ ಪ್ರಶ್ನೆ ಕೆಲಸ ಮಾಡುತ್ತದೆ. ಫಲಕದ ಭಾಷೆ ಮಾತ್ರ ಬದಲಾಗುತ್ತದೆ. ಮಹಾರಾಷ್ಟ್ರದ ಕೊಂಕಣ ಕರಾವಳಿಯಲ್ಲಿ ‘ಘರಗುತಿ ಜೇವಣ’ ಎಂಬ ಫಲಕ ಮನೆಗಳ ಮುಂದೆಯೇ ತೂಗುತ್ತದೆ. ಕೇರಳದಲ್ಲಿ 1998ರಲ್ಲಿ ಆರಂಭವಾದ ಕುಡುಂಬಶ್ರೀ ಮಹಿಳಾ ಸಂಘಗಳ ಊಟದ ಮನೆಗಳಿವೆ. ತಮಿಳುನಾಡಿನ ಊರೂರಲ್ಲಿ ಮೆಸ್. ಪಂಢರಪುರಕ್ಕೆ ಹೋದ ಕನ್ನಡಿಗರಿಗೆ ಖಾನಾವಳಿಯನ್ನು ಬೇರೆ ಹೆಸರಲ್ಲಿ ಹುಡುಕಬೇಕಿಲ್ಲ; ಆ ಮಾತು ಮರಾಠಿಗೂ ಕನ್ನಡಕ್ಕೂ ಒಂದೇ.

ಬದರಿ, ಕೇದಾರದಂಥ ಎತ್ತರದ ಜಾಗಗಳಲ್ಲಿ ಅಡುಗೆಯ ಲೆಕ್ಕ ಬೇರೆ. 300 ಮೀಟರ್ ಏರಿದಂತೆ ನೀರು ಕುದಿಯುವ ಉಷ್ಣತೆ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 3,100 ಮೀಟರ್ ಎತ್ತರದ ಬದರಿಯಲ್ಲಿ 90 ಡಿಗ್ರಿಯ ಹತ್ತಿರವೇ ಕುದಿ ಬರುವುದರಿಂದ ತೊಗರಿಬೇಳೆ ಪ್ರೆಶರ್ ಕುಕ್ಕರ್ ಇಲ್ಲದೆ ಬೇಯುವುದು ಕಷ್ಟ. ಅಲ್ಲಿ ಕುಡಿಯುವ ನೀರನ್ನೂ ಮೂರು ನಿಮಿಷ ಕುದಿಸಬೇಕು. ಬೇಗ ಬೇಯುವ ಹೆಸರುಬೇಳೆ, ಅವಲಕ್ಕಿ, ಅಕ್ಕಿತರಿ ಒಯ್ದವರಿಗೆ ಅನುಕೂಲ.

ಮರಳುವ ಚೀಲದಲ್ಲಿ

ವಾಪಸು ಬರುವಾಗ ಮನೆಗೆ ತರಬೇಕಾದವೂ ಇವೇ. ಕುಮಟಾದ ಸಿಹಿ ಈರುಳ್ಳಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೆವೆತು ಕೊಳೆಯುತ್ತದೆ. ಗೊಂಚಲನ್ನು ಹಾಗೆಯೇ ತಂದು ಗಾಳಿಯಾಡುವ ಕಡೆ ತೂಗುಹಾಕಬೇಕು. ರಸಬಾಳೆಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಂಡು ಕಾಗದದಲ್ಲಿ ಸುತ್ತಬೇಕು. ಅಪ್ಪೆಮಿಡಿಗೆ ತೊಟ್ಟು ಇರಬೇಕು, ಅದು ಮುರಿದರೆ ಸೊನೆ ಸೋರಿ ಮಿಡಿ ಬಾಡುತ್ತದೆ. ಬನಶಂಕರಿಯ ಕಡೆಯಿಂದ ಬರುವವರು ಕಡಕ್ ರೊಟ್ಟಿಯ ಕಟ್ಟನ್ನು ಚೀಲದ ಮೇಲ್ಭಾಗದಲ್ಲಿ, ಭಾರ ಬೀಳದಂತೆ ಇಟ್ಟುಕೊಳ್ಳಬೇಕು. ಒಳ್ಳೆಯ ಮೊಸರು, ಶೇಂಗಾ ಹಿಂಡಿ, ಹೆಚ್ಚಿದ ಹಸಿ ಉಳ್ಳಾಗಡ್ಡಿ ಇದ್ದರೆ ಮನೆ ಸೇರಿದ ರಾತ್ರಿ ಒಲೆ ಹಚ್ಚುವ ಅಗತ್ಯವಿಲ್ಲ. ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಊಟ ಸಿದ್ಧ.